ಓದುಗರ ಪ್ರಶ್ನೆ: ಎಪ್ಪತ್ತು ದಾಟಿದ ಮೇಲೆ ಬ್ಲೂಸ್ ಯಾಕೆ?

ಪ್ರಶ್ನೆ: ಅಮೆರಿಕದ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಅವರ ಹಾಡುಗಳನ್ನು ಅಣ್ಣನ ಕ್ಯಾಸೆಟ್ಟುಗಳಲ್ಲಿ ಕೇಳುತ್ತಾ ಬೆಳೆದವನು ನಾನು. ಈಚೆಗೆ ಅವರ ‘ರಿಚ್ ವೈಟ್ ಹಾಂಕಿ ಬ್ಲೂಸ್’ ಕೇಳಿ ಗಾಬರಿಯಾಯಿತು. ಪಿಟೀಲಿಲ್ಲ, ಸ್ಟೀಲ್ ಗಿಟಾರಿಲ್ಲ. ಬರೀ ಗಿಟಾರುಗಳ ಮೊರೆತ, ಡ್ರಮ್ಸ್ ಗುದ್ದು. ಸ್ಟುಡಿಯೊದ ‘ಹೌಸ್ ಬ್ಯಾಂಡ್’ ಜೊತೆ ಹಾಡಿದ್ದು ಎಂದು ಓದಿದೆ. ಈ ಹೌಸ್ ಬ್ಯಾಂಡ್ ಅಂದರೇನು? ಎಪ್ಪತ್ತು ದಾಟಿದ ಗಾಯಕ ಹೀಗೆ ದಾರಿ ಬದಲಿಸುವುದು ವ್ಯಾಪಾರಕ್ಕೋ, ಹಂಬಲಕ್ಕೋ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ವ್ಯಾಪಾರದ ಲೆಕ್ಕವೇ ಇರಲಿಲ್ಲ ಎಂದರೆ ನೀವು ನಗುತ್ತೀರಿ. ಹಣದ ಮಾತನ್ನು ಹೆಸರಿನಲ್ಲೇ ಇಟ್ಟುಕೊಂಡ ಆಲ್ಬಂ ಅದು. ‘ಹಾಂಕಿ’ ಎಂಬುದು ಬಿಳಿಯರನ್ನು ಹೀಯಾಳಿಸಲು ಕಪ್ಪು ಜನ ಬಳಸುತ್ತಿದ್ದ ಬೈಗುಳ. ಅದನ್ನು ತಾವೇ ಮೈಮೇಲೆ ಎಳೆದುಕೊಂಡು, ಕಪ್ಪು ಜನರ ಬ್ಲೂಸನ್ನು ಹಣವಂತ ಬಿಳಿಯನೊಬ್ಬ ಹಾಡುತ್ತಾನೆಂದು ಬರಬಹುದಾದ ಟೀಕೆಯ ಬಾಯಿಯನ್ನು ಮೊದಲೇ ಮುಚ್ಚಿಸಲು ನೋಡಿದ್ದಾರೆ. ಜಾಣತನವೇ. ಆದರೆ ದಾರಿ ಬದಲಿಸಿದರು ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. ಹ್ಯಾಂಕ್ ಜೂನಿಯರ್ ಹಾಡುವ ರೀತಿ ಅಂಥದ್ದೇನೂ ಬದಲಾಗಿಲ್ಲ. ಬದಲಾದವರು ಅವರ ಹಿಂದೆ ಕೂತು ನುಡಿಸಿದವರು. ಆದ್ದರಿಂದ ಹೌಸ್ ಬ್ಯಾಂಡಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಆಕಾಶವಾಣಿಯ ನಿಲಯ ಕಲಾವಿದರು ನಿಮಗೆ ಗೊತ್ತಿರುತ್ತಾರೆ. ಧಾರವಾಡ ಕೇಂದ್ರಕ್ಕೋ ಬೆಂಗಳೂರು ಕೇಂದ್ರಕ್ಕೋ ಗಾಯಕರು ಬರುತ್ತಾರೆ, ಹಾಡುತ್ತಾರೆ, ಹೋಗುತ್ತಾರೆ. ತಬಲಾದವರು, ಪಿಟೀಲಿನವರು, ಮೃದಂಗದವರು ಅಲ್ಲೇ ಇರುತ್ತಾರೆ. ಬೆಳಿಗ್ಗೆ ವಚನ ಹಾಡುವವರಿಗೂ ಅವರೇ, ಮಧ್ಯಾಹ್ನ ಭಾವಗೀತೆಗೂ ಅವರೇ. ಹೌಸ್ ಬ್ಯಾಂಡ್ ಅಂದರೆ ಹೆಚ್ಚುಕಡಿಮೆ ಇದೇ: ಒಂದು ಸ್ಟುಡಿಯೊಗೋ ಕ್ಲಬ್ಬಿಗೋ ಅಂಟಿಕೊಂಡ ವಾದ್ಯಗಾರರ ತಂಡ. ಗಾಯಕ ತನ್ನ ತಂಡ ಕಟ್ಟಿಕೊಂಡು ಬರಬೇಕಿಲ್ಲ. ಬಂದು ಮೈಕಿನ ಮುಂದೆ ನಿಂತರೆ ಸಾಕು.

ಅಮೆರಿಕದಲ್ಲಿ ಇಂಥ ತಂಡಗಳು ಒಂದೊಂದು ಊರಿನ ಧ್ವನಿಯನ್ನೇ ಕಟ್ಟಿದವು. ಡೆಟ್ರಾಯ್ಟಿನ ಮೋಟೌನ್ ಕಂಪನಿಯಲ್ಲಿ ಫಂಕ್ ಬ್ರದರ್ಸ್ ಇದ್ದರು. ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ ಬೂಕರ್ ಟಿ. ಆ್ಯಂಡ್ ದ ಎಂ.ಜಿ.ಸ್ ಇದ್ದರು, ಇಬ್ಬರು ಕಪ್ಪು ಜನ, ಇಬ್ಬರು ಬಿಳಿಯರು. ಬಣ್ಣದ ಗೋಡೆ ಇನ್ನೂ ಎದ್ದು ನಿಂತಿದ್ದ ದಕ್ಷಿಣದ ಊರಿನಲ್ಲಿ, 60ರ ದಶಕದಲ್ಲಿ ಆ ನಾಲ್ವರು ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದು ಸಣ್ಣ ಸಂಗತಿಯಲ್ಲ. ಅಲಬಾಮಾದ ಮಸಲ್ ಶೋಲ್ಸ್ ಎಂಬ ಪುಟ್ಟ ಊರಿನ ಬಿಳಿಯ ಹುಡುಗರು ಅರೀಥಾ ಫ್ರ್ಯಾಂಕ್ಲಿನ್, ವಿಲ್ಸನ್ ಪಿಕೆಟ್ ಅವರಂಥ ಕಪ್ಪು ಗಾಯಕರ ಹಿಂದೆ ನುಡಿಸಿದರು. ರೆಕಾರ್ಡ್ ಕೇಳಿದ ಎಷ್ಟೋ ಜನ ವಾದ್ಯಗಾರರೂ ಕಪ್ಪು ಜನರೇ ಇರಬೇಕೆಂದು ನಂಬಿದ್ದರು. ಇವರ ಹೆಸರು ಬಹುಕಾಲ ರೆಕಾರ್ಡಿನ ಹೊದಿಕೆಯ ಮೇಲೆ ಬರುತ್ತಲೇ ಇರಲಿಲ್ಲ. ನಮ್ಮಲ್ಲೂ ಸಿನಿಮಾ ಹಾಡಿನ ಪಿಟೀಲು ನುಡಿಸಿದವರ ಹೆಸರು ಯಾರಿಗೆ ಗೊತ್ತು!

ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್. ಅಲ್ಲಿಯ ಸ್ಟುಡಿಯೊ ವಾದ್ಯಗಾರರದ್ದು ಬೇರೆಯೇ ಶಿಸ್ತು. ಮೂರು ಗಂಟೆಯ ಒಂದು ಪಾಳಿ, ಅದರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಹಾಡನ್ನು ಒಮ್ಮೆ ಕೇಳುತ್ತಾರೆ, ಒಂದು ಹಾಳೆಯ ಮೇಲೆ 1, 4, 5 ಎಂದು ಅಂಕಿಗಳನ್ನು ಗೀಚಿಕೊಳ್ಳುತ್ತಾರೆ. ಒಂದೆಂದರೆ ಆಧಾರ ಸ್ವರದ ಮೇಲೆ ಕಟ್ಟಿದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ), ನಾಲ್ಕೆಂದರೆ ನಾಲ್ಕನೇ ಸ್ವರದ ಮೇಲಿನದು. ಗಾಯಕನಿಗೆ ಎತ್ತರ ಹೆಚ್ಚಾಯಿತು ಎಂದರೆ ಆಧಾರ ಸ್ವರ ಇಳಿಸಿದರಾಯಿತು, ಹಾಳೆ ಬದಲಿಸಬೇಕಿಲ್ಲ. 50ರ ದಶಕದ ಕೊನೆಗೆ ಹುಟ್ಟಿದ ಈ ಅಂಕಿ ಪದ್ಧತಿ ಇಂದಿಗೂ ಆ ಊರಿನಲ್ಲಿ ನಡೆಯುತ್ತಿದೆ. ಅಚ್ಚುಕಟ್ಟು, ಬೇಗ, ತಪ್ಪಿಲ್ಲ. ನಿಮ್ಮ ಅಣ್ಣನ ಕ್ಯಾಸೆಟ್ಟಿನ ಹಾಡುಗಳಲ್ಲಿ ಬಹಳಷ್ಟು ಈ ಶಿಸ್ತಿನ ಫಲ.

‘ರಿಚ್ ವೈಟ್ ಹಾಂಕಿ ಬ್ಲೂಸ್’ ಮುದ್ರಣವಾದದ್ದೂ ನ್ಯಾಶ್‌ವಿಲ್‌ನಲ್ಲೇ. ಆದರೆ ಅದರ ಹುರಿಯಾಳುಗಳು ಬಂದದ್ದು ಮಿಸಿಸಿಪ್ಪಿ ರಾಜ್ಯದ ಉತ್ತರ ಗುಡ್ಡಗಳಿಂದ. ಸ್ಟುಡಿಯೊ ಈಸಿ ಐ ಸೌಂಡ್, ಅದರ ಮಾಲೀಕ ‘ದ ಬ್ಲ್ಯಾಕ್ ಕೀಸ್’ ಎಂಬ ರಾಕ್ ಜೋಡಿಯ ಡ್ಯಾನ್ ಆವರ್‌ಬಾಕ್. ಇವರ ಬಳಿ ಇನ್ನೊಂದು ನಿಲಯ ತಂಡವೂ ಇತ್ತು: ಎಲ್ವಿಸ್ ಪ್ರೆಸ್ಲಿ ಕಾಲದಲ್ಲಿ ಮೆಂಫಿಸ್ಸಿನಲ್ಲಿ ನುಡಿಸಿದ್ದ ಬಾಬಿ ವುಡ್, ಜೀನ್ ಕ್ರಿಸ್‌ಮನ್ ಅವರಂಥ ಹಳಬರು. ಅವರನ್ನು ಕೂರಿಸಿದ್ದರೆ ಇನ್ನೊಂದು ಸೊಗಸಾದ ಕಂಟ್ರಿ ಆಲ್ಬಂ ಬರುತ್ತಿತ್ತು. ಆವರ್‌ಬಾಕ್ ಹಾಗೆ ಮಾಡಲಿಲ್ಲ. ಕೆನ್ನಿ ಬ್ರೌನ್, ಎರಿಕ್ ಡೀಟನ್, ಕಿನ್ನಿ ಕಿಂಬ್ರೊ ಎಂಬ ಮೂವರನ್ನು ಕರೆಸಿದರು, ತಾವೂ ಒಂದು ಗಿಟಾರ್ ಹಿಡಿದು ಕೂತರು. ನಾಲ್ವರು ಮತ್ತು ಗಾಯಕ, ಒಂದೇ ಕೋಣೆ, ಎಲ್ಲ ಒಟ್ಟಿಗೆ; ಮೂರು ದಿನದಲ್ಲಿ ಹನ್ನೆರಡು ಹಾಡು. 2022ರ ಜೂನ್ 17ರಂದು ಆಲ್ಬಂ ಹೊರಬಂತು. ಹ್ಯಾಂಕ್ ಜೂನಿಯರ್‌ಗೆ ಆಗ 73.

ಈ ಮೂವರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಉತ್ತರ ಇರುವುದೇ ಇವರಲ್ಲಿ.

ಕೆನ್ನಿ ಬ್ರೌನ್ ಬಿಳಿಯರು. ಹುಡುಗನಾಗಿದ್ದಾಗ ಪಕ್ಕದ ಮನೆಯಲ್ಲಿದ್ದ ಜೋ ಕ್ಯಾಲಿಕಾಟ್ ಎಂಬ ಮುದುಕ ಬ್ಲೂಸ್ ಗಾಯಕರ ಬಳಿ ಗಿಟಾರ್ ಕಲಿತರು. ಆಮೇಲೆ ಆ ಗುಡ್ಡಗಳ ಹೆಸರಾಂತ ಬ್ಲೂಸ್ ಗಾಯಕ ಆರ್.ಎಲ್. ಬರ್ನ್‌ಸೈಡ್ ಜೊತೆಗೂಡಿ ದಶಕಗಳ ಕಾಲ ನುಡಿಸಿದರು. ಬರ್ನ್‌ಸೈಡ್ ಇವರನ್ನು ತಮ್ಮ ಮಗನೆಂದೇ ಕರೆಯುತ್ತಿದ್ದರು. ಬೆರಳಿಗೆ ಕೊಳವೆ ತೊಡಿಸಿ ತಂತಿಯ ಮೇಲೆ ಜಾರಿಸುವ ಸ್ಲೈಡ್ ವಾದನದಲ್ಲಿ ಇವರ ಕೈ ಪಳಗಿದ್ದು ಹಾಗೆ. ಬೇಸ್ ಗಿಟಾರಿನ ಎರಿಕ್ ಡೀಟನ್ ಹದಿಹರೆಯದ ಕೊನೆಗೆ ಈ ಸಂಗೀತಕ್ಕೋಸ್ಕರವೇ ಮಿಸಿಸಿಪ್ಪಿಗೆ ಬಂದು ನೆಲೆಸಿದವರು. ಡ್ರಮ್ಸ್ ನುಡಿಸಿದ ಕಿನ್ನಿ ಅವರದ್ದು ಮನೆತನದ ಹಕ್ಕು. ಅವರ ತಂದೆ ಜೂನಿಯರ್ ಕಿಂಬ್ರೊ, ಬರ್ನ್‌ಸೈಡ್ ಜೊತೆ ಸಮಕ್ಕೆ ನಿಲ್ಲುವ ಹೆಸರು. ಹಾಲಿ ಸ್ಪ್ರಿಂಗ್ಸ್ ಎಂಬ ಊರಿನ ಹತ್ತಿರ ಅವರದೊಂದು ‘ಜೂಕ್ ಜಾಯಿಂಟ್’ ಇತ್ತು. ಅಂದರೆ ಕುಡಿತ, ಕುಣಿತ, ಹಾಡು ಎಲ್ಲ ಒಂದೇ ಸೂರಿನಡಿ ನಡೆಯುವ ಹಳ್ಳಿಯ ಅಡ್ಡೆ. ಭಾನುವಾರ ರಾತ್ರಿ ಅಲ್ಲಿ ಸುತ್ತಲಿನ ಜನವೆಲ್ಲ ಸೇರುತ್ತಿದ್ದರು. ಕಿಂಬ್ರೊ 1998ರಲ್ಲಿ ತೀರಿಕೊಂಡರು, 2000ದಲ್ಲಿ ಆ ಅಡ್ಡೆ ಬೆಂಕಿಗೆ ಆಹುತಿಯಾಯಿತು, 2005ರಲ್ಲಿ ಬರ್ನ್‌ಸೈಡ್ ಕೂಡ ಹೋದರು.

ಇವರ ಸಂಗೀತಕ್ಕೆ ಗುಡ್ಡನಾಡಿನ ಬ್ಲೂಸ್, ಹಿಲ್ ಕಂಟ್ರಿ ಬ್ಲೂಸ್ ಎನ್ನುತ್ತಾರೆ. ನಾವು ಸಾಮಾನ್ಯವಾಗಿ ಕೇಳುವ ಬ್ಲೂಸ್‌ಗೆ ಒಂದು ಅಳತೆ ಇದೆ. ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ) ಒಂದು ಸುತ್ತು: ಮೊದಲ ನಾಲ್ಕು ಆಧಾರ ಕಾರ್ಡಿನಲ್ಲಿ, ಎರಡು ನಾಲ್ಕನೆಯದರಲ್ಲಿ, ಮತ್ತೆ ಎರಡು ಆಧಾರಕ್ಕೆ ವಾಪಸ್, ಆಮೇಲೆ ಐದನೆಯದಕ್ಕೆ ಏರಿ, ನಾಲ್ಕನೆಯದಕ್ಕೆ ಇಳಿದು, ಮನೆಗೆ. ಒಂದು ಸಾಲನ್ನು ಎರಡು ಸಲ ಹಾಡಿ, ಮೂರನೇ ಸಾಲಿನಲ್ಲಿ ಉತ್ತರ ಕೊಡುವುದು ಮಾತಿನ ಕಟ್ಟು. ಗುಡ್ಡದ ಜನ ಈ ಅಳತೆಗೆ ಅಷ್ಟು ಬೆಲೆ ಕೊಡಲಿಲ್ಲ. ಅವರ ಎಷ್ಟೋ ಹಾಡುಗಳಲ್ಲಿ ಕಾರ್ಡ್ ಬದಲಾಗುವುದೇ ಇಲ್ಲ. ತಳದಲ್ಲಿ ಒಂದೇ ಸ್ವರ ಮೊರೆಯುತ್ತಿರುತ್ತದೆ, ಅದರ ಮೇಲೆ ಗಿಟಾರಿನ ಒಂದು ತುಣುಕು ಸುತ್ತಿ ಸುತ್ತಿ ಬರುತ್ತದೆ, ಡ್ರಮ್ಸ್ ಕುಣಿಯುವವರ ಕಾಲಿಗಾಗಿ ಬೀಳುತ್ತದೆ. ಗಾಯಕ ಸಾಲನ್ನು ಯಾವಾಗ ಮುಗಿಸುತ್ತಾನೋ ಆಗ ಸುತ್ತು ಮುಗಿಯಿತು. ಅದು ಹನ್ನೊಂದೂವರೆ ಬಾರ್ ಆಗಬಹುದು, ಹದಿಮೂರೂ ಆಗಬಹುದು. ಅಂಕಿಗಳ ಹಾಳೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಯಕನ ಬಾಯನ್ನೇ ನೋಡುತ್ತಾ ನುಡಿಸಬೇಕು.

ಈ ಆಲ್ಬಮ್ಮಿನಲ್ಲಿ ಲೈಟ್ನಿನ್ ಹಾಪ್ಕಿನ್ಸ್ ಅವರ ಹಾಡುಗಳೂ ಇವೆ. ಅವರು ಗುಡ್ಡದವರಲ್ಲ, ಟೆಕ್ಸಸ್‌ನವರು. ಆದರೆ ಅಳತೆ ಮೀರುವುದರಲ್ಲಿ ಎಲ್ಲರಿಗಿಂತ ಒಂದು ಕೈ ಮುಂದು. ಮನಸ್ಸು ಬಂದಾಗ ಕಾರ್ಡ್ ಬದಲಿಸುತ್ತಿದ್ದರು, ಬಾರದಿದ್ದರೆ ಇಲ್ಲ. ಜೊತೆಗೆ ಕೂತ ವಾದ್ಯಗಾರರ ಪಾಡು ಪಾಡಲ್ಲ. ‘ಮೈ ಸ್ಟಾರ್ಟರ್ ವೋಂಟ್ ಸ್ಟಾರ್ಟ್’ ಅವರದ್ದು. ಸ್ಟಾರ್ಟ್ ಆಗದ ಕಾರಿನ ಹಾಡು, ಆದರೆ ಮಾತು ಕಾರಿನದ್ದೇ ಅಲ್ಲ ಎಂದು ಕೇಳುವವರಿಗೆ ಎರಡನೇ ಸಾಲಿಗೇ ತಿಳಿಯುತ್ತದೆ. ಇದನ್ನು ಎಪ್ಪತ್ತು ದಾಟಿದ ಹ್ಯಾಂಕ್ ಜೂನಿಯರ್ ಹಾಡುವಾಗ ಪೋಲಿತನಕ್ಕೆ ಇನ್ನೊಂದು ರುಚಿ ಬಂದಿದೆ. ಅವರು ಸಾಲನ್ನು ಎಳೆಯುತ್ತಾರೆ, ನಡುವೆ ಗೊಣಗುತ್ತಾರೆ, ತಡವಾಗಿ ಬಂದು ಸೇರಿಕೊಳ್ಳುತ್ತಾರೆ; ತಂಡ ಒಂದು ಚೂರೂ ತಡವರಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸ್ ಒಂದನ್ನೇ ಹಿಂಬಾಲಿಸಿ ನೋಡಿ. ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕಿನ್ನಿ ತಾಳವನ್ನು ಬಿಗಿ ಮಾಡುವುದೂ, ಮಾತು ಶುರುವಾದ ಕೂಡಲೇ ಹಿಂದೆ ಸರಿಯುವುದೂ ಕಿವಿಗೆ ಬೀಳುತ್ತದೆ. ನನಗೆ ಈ ಆಲ್ಬಮ್ಮಿನ ಅತ್ಯುತ್ತಮ ಸಂಗತಿ ಇದೇ.

ಈ ತಂಡ ಆವರ್‌ಬಾಕ್ ತಲೆಯಲ್ಲಿ ದಿಢೀರನೆ ಹೊಳೆದದ್ದೇನಲ್ಲ. ಬ್ಲ್ಯಾಕ್ ಕೀಸ್ 2006ರಲ್ಲೇ ಜೂನಿಯರ್ ಕಿಂಬ್ರೊ ಹಾಡುಗಳ ಪುಟ್ಟ ಸಂಗ್ರಹವೊಂದನ್ನು ತಂದಿದ್ದರು. ಅವರದೇ 2021ರ ‘ಡೆಲ್ಟಾ ಕ್ರೀಮ್’ ಆಲ್ಬಮ್ಮಿನಲ್ಲಿ ಕೆನ್ನಿ ಬ್ರೌನ್ ಮತ್ತು ಎರಿಕ್ ಡೀಟನ್ ನುಡಿಸಿದ್ದರು. ಮುಂದಿನ ವರ್ಷ ಆ ಒಲೆಯ ಮೇಲೇ ಹ್ಯಾಂಕ್ ಜೂನಿಯರ್ ಅವರನ್ನೂ ಕೂರಿಸಿದರು ಅನ್ನಬಹುದು. ಆವರ್‌ಬಾಕ್ ಅವರ ರೆಕಾರ್ಡ್ ಲೇಬಲ್ಲಿಗೆ ಹೆಸರಾಂತ ಗಾಯಕ ಸಿಕ್ಕರು, ಗಾಯಕರಿಗೆ ಹೊಸ ಕಿವಿಗಳು ಸಿಕ್ಕವು. ವ್ಯಾಪಾರ ಎಂದಿರಲ್ಲ, ಅದು ಇಷ್ಟು.

ಹಂಬಲದ ಪ್ರಶ್ನೆಗೆ ಬರೋಣ. ಅದಕ್ಕೆ ತಂದೆಯ ಕಾಲಕ್ಕೆ ಹೋಗದೆ ವಿಧಿಯಿಲ್ಲ.

ತಂದೆ ಹ್ಯಾಂಕ್ ವಿಲಿಯಮ್ಸ್ 1923ರಲ್ಲಿ ಅಲಬಾಮಾದಲ್ಲಿ ಹುಟ್ಟಿದವರು. ಜಾರ್ಜಿಯಾನಾ, ಗ್ರೀನ್‌ವಿಲ್ ಎಂಬ ಸಣ್ಣ ಊರುಗಳಲ್ಲಿ ಬಾಲ್ಯ. ಅಲ್ಲಿ ರಸ್ತೆಬದಿಯಲ್ಲಿ ಹಾಡಿ ಕಾಸು ಸಂಪಾದಿಸುತ್ತಿದ್ದ ರೂಫಸ್ ಪೇನ್ ಎಂಬ ಕಪ್ಪು ಸಂಗೀತಗಾರರಿದ್ದರು. ಊರವರು ‘ಟೀ-ಟಾಟ್’ ಎಂದು ಕರೆಯುತ್ತಿದ್ದರು. ಆ ಹುಡುಗ ಅವರ ಬೆನ್ನು ಬಿದ್ದ. ಗಿಟಾರಿನ ಕಾರ್ಡ್ ಹಿಡಿಯುವುದು, ತಾಳ ತಪ್ಪದೆ ಹಾಡುವುದು, ಜನರನ್ನು ನಿಲ್ಲಿಸಿಕೊಳ್ಳುವುದು, ಎಲ್ಲ ಅವರಿಂದ ಬಂತು. ಗುರುದಕ್ಷಿಣೆ ಕೆಲವು ಕಾಸು, ಇಲ್ಲವೇ ತಾಯಿ ಲಿಲ್ಲಿ ಬಡಿಸಿದ ಊಟ. ತನಗೆ ಸಂಗೀತದ ಪಾಠ ಎಂಬುದು ಆದದ್ದಿದ್ದರೆ ಅದು ಟೀ-ಟಾಟ್ ಅವರಿಂದಲೇ ಎಂದು ಹ್ಯಾಂಕ್ ಮುಂದೆ ಹೇಳಿಕೊಂಡರು. ಪೇನ್ 1939ರಲ್ಲಿ ಮಾಂಟ್‌ಗೊಮರಿ ನಗರದಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣ ಒಂದೂ ಇಲ್ಲ.

ಹಿರಿಯ ಹ್ಯಾಂಕ್ 1947ರಲ್ಲಿ ಹಾಡಿದ ‘ಮೂವ್ ಇಟ್ ಆನ್ ಓವರ್’ ಕೇಳಿ. ಹೆಂಡತಿ ಬಾಗಿಲು ತೆರೆಯದೆ ನಾಯಿಮನೆಯಲ್ಲಿ ಮಲಗಬೇಕಾದ ಗಂಡನ ಹಾಡು ಅದು. ಮೇಲೆ ಪಿಟೀಲೂ ಸ್ಟೀಲ್ ಗಿಟಾರೂ ಇವೆ, ಒಳಗೆ ಕಟ್ಟಿರುವುದು ಆಗಲೇ ಹೇಳಿದ ಹನ್ನೆರಡು ಬಾರ್‌ಗಳ ಬ್ಲೂಸ್. ಅವರ ಹಾಡುಗಳ ಹೆಸರುಗಳನ್ನಷ್ಟೇ ನೋಡಿ: ‘ಲವ್‌ಸಿಕ್ ಬ್ಲೂಸ್’, ‘ಲಾಂಗ್ ಗಾನ್ ಲೋನ್ಸಮ್ ಬ್ಲೂಸ್’, ‘ಹಾಂಕಿ ಟಾಂಕ್ ಬ್ಲೂಸ್’. ಅವರಿಗೂ ಮೊದಲು ರೈಲ್ವೆ ಕೆಲಸಗಾರ ಜಿಮ್ಮಿ ರಾಜರ್ಸ್ ಕಪ್ಪು ಕೂಲಿಗಳ ಹಾಡು ಕೇಳಿ ಕಲಿತು, 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ರೆಕಾರ್ಡ್ ಮಾಡಿದ್ದರು. ಕಂಟ್ರಿಯ ಪಿತಾಮಹನೂ ಜಾಜ್‌ನ ಮಹಾಪುರುಷನೂ ಒಂದೇ ತಟ್ಟೆಯಲ್ಲಿ!

ಹಾಗಿದ್ದರೆ ಕಂಟ್ರಿ ಬೇರೆ, ಬ್ಲೂಸ್ ಬೇರೆ ಎಂದಾದದ್ದು ಹೇಗೆ? ಅಂಗಡಿಯವರು ಮಾಡಿದ್ದು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಮಾರಾಟವಾದ ಮೇಲೆ ರೆಕಾರ್ಡ್ ಕಂಪನಿಗಳು ಕಪ್ಪು ಗಿರಾಕಿಗಳಿಗೆಂದು ‘ರೇಸ್ ರೆಕಾರ್ಡ್ಸ್’ ಪಟ್ಟಿ ಶುರು ಮಾಡಿದವು. ಕೆಲವೇ ವರ್ಷಗಳಲ್ಲಿ ಹಳ್ಳಿಯ ಬಿಳಿಯರಿಗೆಂದು ‘ಹಿಲ್‌ಬಿಲಿ’ ಪಟ್ಟಿ ಬಂತು. ಒಂದೇ ಊರಿನ ಇಬ್ಬರು ಒಂದೇ ಹಾಡನ್ನು ಹಾಡಿದರೂ ಚರ್ಮ ನೋಡಿ ಈ ಪಟ್ಟಿಗೋ ಆ ಪಟ್ಟಿಗೋ ಹಾಕುತ್ತಿದ್ದರು. 1949ರ ಹೊತ್ತಿಗೆ ಬಿಲ್‌ಬೋರ್ಡ್ ಪತ್ರಿಕೆ ಹೆಸರುಗಳನ್ನು ‘ರಿದಮ್ ಆ್ಯಂಡ್ ಬ್ಲೂಸ್’, ‘ಕಂಟ್ರಿ ಆ್ಯಂಡ್ ವೆಸ್ಟರ್ನ್’ ಎಂದು ತಿದ್ದಿತು. ಗೋಡೆ ಅಲ್ಲೇ ಉಳಿಯಿತು. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮದ ಮೊದಮೊದಲ ತಾರೆಗಳಲ್ಲಿ ಡಿಫೋರ್ಡ್ ಬೇಲಿ ಎಂಬ ಕಪ್ಪು ಹಾರ್ಮೋನಿಕಾ ವಾದಕರೂ ಒಬ್ಬರು. 1941ರಲ್ಲಿ ಅವರನ್ನು ಕೈಬಿಟ್ಟರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿದ್ದು 2005ರಲ್ಲಿ, ಸತ್ತು ಎರಡು ದಶಕ ಕಳೆದ ಮೇಲೆ.

ಇನ್ನು ಮಗನ ಕತೆ. 1949ರ ಮೇ 26ರಂದು ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹುಟ್ಟು. 1953ರ ಹೊಸ ವರ್ಷದ ದಿನ ತಂದೆ ಕಾರಿನ ಹಿಂದಿನ ಸೀಟಿನಲ್ಲೇ ಪ್ರಾಣ ಬಿಟ್ಟಾಗ ಮಗುವಿಗೆ ನಾಲ್ಕೂ ತುಂಬಿರಲಿಲ್ಲ. ತಂದೆಗೆ ಬರೀ 29. ತಾಯಿ ಆಡ್ರಿ ಎಂಟರ ಹುಡುಗನನ್ನು ವೇದಿಕೆ ಹತ್ತಿಸಿದರು. ಹಾಡಬೇಕಾದ್ದು ಅಪ್ಪನ ಹಾಡು, ಅಪ್ಪನ ಧಾಟಿಯಲ್ಲಿ. 1964ರಲ್ಲಿ ಅಪ್ಪನ ಜೀವನದ ಮೇಲೆ ಸಿನಿಮಾ ಬಂದಾಗ ತೆರೆಯ ಮೇಲೆ ಬೇರೆ ನಟ, ಹಿನ್ನೆಲೆಯಲ್ಲಿ ಮಗನ ದನಿ. ಜನ ಚಪ್ಪಾಳೆ ತಟ್ಟುತ್ತಿದ್ದುದು ಸತ್ತವರಿಗೆ. ಮನೆಗೆ ಬರುತ್ತಿದ್ದವರು ಮಾತ್ರ ಬೇರೆ ಬೇರೆ ಲೋಕದವರು: ಬ್ಯಾಂಜೊ ಹೇಳಿಕೊಟ್ಟ ಅರ್ಲ್ ಸ್ಕ್ರಗ್ಸ್, ಪಿಯಾನೊದ ಜೆರ್ರಿ ಲೀ ಲೂಯಿಸ್, ಫ್ಯಾಟ್ಸ್ ಡಾಮಿನೊ. ಹುಡುಗನ ಬೆರಳುಗಳಿಗೆ ರಾಕ್ ಮತ್ತು ಬ್ಲೂಸ್ ಆಗಲೇ ಹತ್ತಿತ್ತು, ಬಾಯಿಗೆ ಅನುಮತಿ ಇರಲಿಲ್ಲ.

ಇಪ್ಪತ್ತರ ನಡುವಿನಲ್ಲಿ ಕುಡಿತ, ಗುಳಿಗೆ, ಖಿನ್ನತೆ ಸೇರಿ ಮನುಷ್ಯ ಕುಸಿದರು. ನ್ಯಾಶ್‌ವಿಲ್ ಬಿಟ್ಟು ಅಲಬಾಮಾಕ್ಕೆ ಹೋದರು. ಮಸಲ್ ಶೋಲ್ಸ್‌ನಲ್ಲಿ 1975ರಲ್ಲಿ ಮುದ್ರಿಸಿದ ‘ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಆ್ಯಂಡ್ ಫ್ರೆಂಡ್ಸ್’ ನಿಮ್ಮ ಪ್ರಶ್ನೆಯ ನಿಜವಾದ ತಿರುವು, ನಾನು ಹೇಳುವುದಾದರೆ. ಮಾರ್ಷಲ್ ಟಕರ್ ಬ್ಯಾಂಡಿನ ಟಾಯ್ ಕಾಲ್ಡ್‌ವೆಲ್, ಚಾರ್ಲಿ ಡೇನಿಯಲ್ಸ್, ಆಲ್ಮನ್ ಬ್ರದರ್ಸ್ ಜೊತೆ ಪಿಯಾನೊ ನುಡಿಸುತ್ತಿದ್ದ ಚಕ್ ಲವೆಲ್ ಅದರಲ್ಲಿದ್ದಾರೆ. ಬ್ಲೂಸ್ ಹೊಟ್ಟೆಯಿಂದ ಹುಟ್ಟಿದ ದಕ್ಷಿಣದ ರಾಕ್ ಕಂಟ್ರಿಯ ಒಳಗೆ ನುಗ್ಗಿದ್ದು ಇಲ್ಲಿ. ಆ ಆಲ್ಬಂ ಹೊರಬರುವ ಮೊದಲೇ, 1975ರ ಆಗಸ್ಟ್ 8ರಂದು, ಮೊಂಟಾನಾದ ಏಜಾಕ್ಸ್ ಶಿಖರದಿಂದ ಜಾರಿ ಸುಮಾರು 500 ಅಡಿ ಕೆಳಗೆ ಬಿದ್ದರು. ಮುಖ, ತಲೆಬುರುಡೆ ಒಡೆದುಹೋಗಿತ್ತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಮಾತಾಡುವುದನ್ನೂ ಹಾಡುವುದನ್ನೂ ಮೊದಲಿನಿಂದ ಕಲಿಯಬೇಕಾಯಿತು. ನೀವು ಕ್ಯಾಸೆಟ್ಟಿನ ಮೇಲೆ ನೋಡಿರುವ ಆ ಗಡ್ಡ, ಕಪ್ಪು ಕನ್ನಡಕ, ಹ್ಯಾಟು, ಗಾಯದ ಗುರುತು ಮುಚ್ಚಲು ಬಂದವು.

ಎದ್ದು ಬಂದ ಮೇಲೆ ಅಪ್ಪನ ನೆರಳು ಹಿಂದೆ ಬಿತ್ತು. 1979ರ ‘ಫ್ಯಾಮಿಲಿ ಟ್ರಡಿಶನ್’, 1982ರ ‘ಎ ಕಂಟ್ರಿ ಬಾಯ್ ಕ್ಯಾನ್ ಸರ್ವೈವ್’ ಕಾಲದಲ್ಲಿ ಅವರ ಒಂಬತ್ತು ಆಲ್ಬಂಗಳು ಒಟ್ಟಿಗೇ ಕಂಟ್ರಿ ಪಟ್ಟಿಯಲ್ಲಿದ್ದವು. 1980ರಲ್ಲಿ ಬರೆದ ‘ದ ಬ್ಲೂಸ್ ಮ್ಯಾನ್’ನಲ್ಲಿ ತಮ್ಮನ್ನೇ ಬ್ಲೂಸ್ ಗಾಯಕ ಎಂದು ಕರೆದುಕೊಂಡರು, ಧಾಟಿಯಲ್ಲಿ ಅದು ಅಪ್ಪಟ ಕಂಟ್ರಿಯೇ. 2002ರ ಒಂದು ಆಲ್ಬಮ್ಮಿನಲ್ಲಿ ಟೀ-ಟಾಟ್ ಹೆಸರಿನಲ್ಲೇ ಹಾಡಿದೆ. ಅಂದರೆ 2022ರಲ್ಲಿ ಅವರು ಹೊಸ ಮನೆ ಹುಡುಕಿಕೊಂಡು ಹೋಗಲಿಲ್ಲ. ಹೊಸದೆಂದರೆ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹೊರಗಿಟ್ಟು, ಬ್ಲೂಸನ್ನೇ ಉಂಡು ಬೆಳೆದವರ ನಡುವೆ ಒಬ್ಬರೇ ಹೋಗಿ ಕೂತದ್ದು.

ಇಷ್ಟು ಹೇಳಿ ಸುಮ್ಮನಾದರೆ ಹೊಗಳುಭಟನ ಕೆಲಸವಾಗುತ್ತದೆ. ಈ ಗಾಯಕರೇ 1988ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಅರ್ಥದ ಹಾಡು ಹಾಡಿದವರು. ದಕ್ಷಿಣ ಗೆದ್ದಿದ್ದರೆ ಟೀ-ಟಾಟ್ ಪಾಡೇನಾಗುತ್ತಿತ್ತು ಎಂದು ಆ ಹಾಡು ಯೋಚಿಸುವುದಿಲ್ಲ. 2011ರಲ್ಲಿ ಒಬಾಮ ಅವರ ವಿಷಯಕ್ಕೆ ಹಿಟ್ಲರ್ ಹೆಸರು ಎಳೆದು ತಂದು, ದಶಕಗಳಿಂದ ಹಾಡುತ್ತಿದ್ದ ಫುಟ್ಬಾಲ್ ಕಾರ್ಯಕ್ರಮದ ಶೀರ್ಷಿಕೆಗೀತೆಯನ್ನೂ ಕಳೆದುಕೊಂಡರು. ಕಪ್ಪು ಜನರ ಹಾಡುಗಳನ್ನು ಇಷ್ಟು ಪ್ರೀತಿಯಿಂದ ಹಾಡುವ ಗಂಟಲಿನಿಂದಲೇ ಅದೂ ಬಂತು. ಸಾಲ ಪಡೆದದ್ದನ್ನು ಒಪ್ಪಿಕೊಳ್ಳುವುದು ಒಂದು, ಸಾಲ ಕೊಟ್ಟವರ ಬದುಕಿನ ಪರ ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ಅವರು ಮಾಡಿದ್ದಾರೆ.

ಆಲ್ಬಂ ಕೂಡ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲ. ಅವರೇ ಬರೆದ ಹಾಡುಗಳು ಹಳೆಯವುಗಳ ಪಕ್ಕ ತೆಳ್ಳಗೆ ಕಾಣುತ್ತವೆ; ಬಡಾಯಿ ಹೆಚ್ಚು. ಬರ್ನ್‌ಸೈಡ್ ಅವರ ‘ಫೈರ್‌ಮನ್ ರಿಂಗ್ ದ ಬೆಲ್’ ಬಂದಾಗ ಮಾತ್ರ ಎದ್ದು ಕೂರುತ್ತೀರಿ. ಕೊನೆಯ ಹಾಡು ಯೇಸುವನ್ನು ಇತ್ತ ಬಾ ಎಂದು ಕರೆಯುವ ಪ್ರಾರ್ಥನೆ. ಅಲ್ಲಿ ತುಂಟಾಟವೆಲ್ಲ ಕಳಚಿ, ಒಡೆದ ದನಿ ಹಾಗೇ ಉಳಿದಿದೆ.

ಇಂಥ ಪ್ರಯೋಗ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ 2000ದಲ್ಲಿ ‘ಮಿಲ್ಕ್ ಕೌ ಬ್ಲೂಸ್’ ತಂದರು. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಆಂಟೋನ್ಸ್ ಎಂಬ ಬ್ಲೂಸ್ ಕ್ಲಬ್ಬಿದೆ. ಅಲ್ಲಿ ನಿತ್ಯ ನುಡಿಸುತ್ತಿದ್ದವರೇ ಆ ಆಲ್ಬಮ್ಮಿನ ತಂಡ. ತಮ್ಮದೇ ಹಳೆಯ ‘ಕ್ರೇಜಿ’, ‘ನೈಟ್ ಲೈಫ್’ ಹಾಡುಗಳನ್ನೂ ನೆಲ್ಸನ್ ಅದರಲ್ಲಿ ಬ್ಲೂಸ್ ಆಗಿ ಹಾಡಿದ್ದಾರೆ. ಆದರೆ ಬಿ.ಬಿ. ಕಿಂಗ್, ಡಾ. ಜಾನ್ ಮೊದಲಾಗಿ ಹಾಡು ಹಾಡಿಗೆ ಅತಿಥಿಗಳು. ಮದುವೆಮನೆಯಲ್ಲಿ ಎಲ್ಲರನ್ನೂ ಮಾತಾಡಿಸಿದ ಹಾಗೆ, ಯಾರ ಜೊತೆಗೂ ಮಾತು ಪೂರ್ತಿಯಾಗುವುದಿಲ್ಲ. ಹ್ಯಾಂಕ್ ಜೂನಿಯರ್ ಆಲ್ಬಮ್ಮಿನಲ್ಲಿ ಅತಿಥಿಗಳ ಗದ್ದಲವಿಲ್ಲ. ಮೊದಲ ಹಾಡಿನಿಂದ ಕೊನೆಯವರೆಗೂ ಅದೇ ನಾಲ್ವರು. ಆದ್ದರಿಂದ ಎರಡರಲ್ಲಿ ನನ್ನ ಮತ ಇದಕ್ಕೇ.

ನೀವು ಇನ್ನೊಮ್ಮೆ ಕೇಳುವುದಾದರೆ ಒಂದು ಸಲಹೆ. ನೇರ ಈ ಆಲ್ಬಮ್ಮಿಗೆ ಹೋಗಬೇಡಿ. ಮೊದಲು ‘ಮೂವ್ ಇಟ್ ಆನ್ ಓವರ್’, ಆಮೇಲೆ 1975ರ ‘ಆ್ಯಂಡ್ ಫ್ರೆಂಡ್ಸ್’, ಅದಾದ ಮೇಲೆ ಜೂನಿಯರ್ ಕಿಂಬ್ರೊ ಅವರ 1992ರ ‘ಆಲ್ ನೈಟ್ ಲಾಂಗ್’ ಕೇಳಿ. ಕೊನೆಯದರಲ್ಲಿ ಡ್ರಮ್ಸ್ ಮೇಲೆ ಕಿವಿ ಇಡಿ. ಅಪ್ಪನ ಹಿಂದೆ ಕೂತು ನುಡಿಸುತ್ತಿರುವವರು ಕಿನ್ನಿ. ಮೂವತ್ತು ವರ್ಷದ ನಂತರ ಹ್ಯಾಂಕ್ ಜೂನಿಯರ್ ಹಿಂದೆ ಕೂತವರೂ ಅವರೇ.